ನೆರಳಿಲ್ಲದ ಮುಖ ಬೇಕಾಗಿದೆ

ಕಳೆದ ತಿಂಗಳು ನನ್ನ ಮುಖ ವಾಪಸ್ ಬಂತು.

ಕಳಿಸಿದ್ದು ಪಾಸ್‌ಪೋರ್ಟ್ ಅರ್ಜಿಯ ಜೊತೆ. ವಾಪಸ್ ಬಂದದ್ದು ಒಂದೇ ಸಾಲಿನ ಷರಾದ ಜೊತೆ: 'ಭಾವಚಿತ್ರ ನಿಯಮದಂತಿಲ್ಲ.' ಯಾವ ನಿಯಮ, ಎಲ್ಲಿ ಎಡವಿದೆ, ಒಂದೂ ಹೇಳಿಲ್ಲ. 52 ವರ್ಷದಿಂದ ಇದೇ ಮುಖ ಹೊತ್ತುಕೊಂಡು ಓಡಾಡಿದ್ದೇನೆ. ಮದುವೆಗೆ ನಡೆಯಿತು, ನೌಕರಿಗೆ ನಡೆಯಿತು, ಸಾಲ ಕೊಡೋರಿಗೂ ನಡೆಯಿತು. ಗಡಿ ದಾಟೋಕೆ ಮಾತ್ರ ಸಾಲದಂತೆ.

ಕೌಂಟರಿನ ಹಿಂದೆ ಕೂತಿದ್ದವರು ಒಳ್ಳೆಯವರೇ. ಫೋಟೊ ಎತ್ತಿ ಬೆಳಕಿಗೆ ಹಿಡಿದರು. ಆಮೇಲೆ ನನ್ನನ್ನು ನೋಡಿದರು. ಮತ್ತೆ ಫೋಟೊ ನೋಡಿದರು.

"ನೀವು ನಗ್ತಾ ಇದ್ದೀರಿ."

"ಇಲ್ಲ ಸರ್, ನನ್ನ ತುಟಿ ಇರೋದೇ ಹಾಗೆ. ಎಡಗಡೆ ತುದಿ ಸ್ವಲ್ಪ ಮೇಲೆ. ನಮ್ಮಪ್ಪನದೂ ಹಾಗೇ ಇತ್ತು."

"ಇರಬಹುದು. ಆದ್ರೆ ಸಿಸ್ಟಮ್ ತಗೊಳಲ್ಲ."

ಶಾಲೆಯಲ್ಲಿ ಮೇಷ್ಟ್ರು 'ಏನೋ ಕಿಸೀತೀಯ' ಅಂತ ಕಿವಿ ಹಿಂಡಿದ್ದೂ ಇದೇ ತುಟಿಯ ದೆಸೆಯಿಂದ. ಆಗ ಅದನ್ನು ವಿಧಿ ಅಂದುಕೊಂಡಿದ್ದೆ. ಈಗ ಗೊತ್ತಾಯಿತು, ಮೇಷ್ಟ್ರು ಅಂತರರಾಷ್ಟ್ರೀಯ ನಿಯಮವನ್ನೇ ಪಾಲಿಸುತ್ತಿದ್ದರು.

ನಿಯಮ ಹೇಳುವುದು ಇಷ್ಟು: ಭಾವ ತಟಸ್ಥವಾಗಿರಬೇಕು, ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು. ಸರ್ಕಾರಗಳು ಇಷ್ಟು ವರ್ಷ ಸುತ್ತಿ ಬಳಸಿ ಹೇಳುತ್ತಿದ್ದ ಕೊನೆಯ ಮಾತನ್ನು ಇಲ್ಲಿ ನೇರವಾಗಿ ಅಚ್ಚು ಹಾಕಿಸಿವೆ. ಆ ಪ್ರಾಮಾಣಿಕತೆ ಮೆಚ್ಚಬೇಕು.

ತೊಂದರೆ ಇರುವುದು ತಟಸ್ಥ ಭಾವದಲ್ಲಿ. ನಮ್ಮ ಭಾಷೆಯಲ್ಲಿ ಮುಖ ಅನ್ನೋದು ಸುಮ್ಮನೆ ಕೂರುವ ವಸ್ತುವೇ ಅಲ್ಲ. ಅರಳುತ್ತದೆ, ಬಾಡುತ್ತದೆ, ಊದಿಕೊಳ್ಳುತ್ತದೆ, ಇಳಿಬೀಳುತ್ತದೆ, ಕೆಂಪಗಾಗುತ್ತದೆ, ಬಿಳಿಚಿಕೊಳ್ಳುತ್ತದೆ. ಹರಳೆಣ್ಣೆ ಕುಡಿದ ಮುಖ ಇದೆ, ಇಂಗು ತಿಂದ ಮಂಗನ ಮುಖ ಇದೆ. ಏನೂ ಮಾಡದ ಮುಖಕ್ಕೆ ಮಾತ್ರ ಹೆಸರಿಲ್ಲ. ತಡಕಾಡಿದರೆ ಸಿಗುವುದು 'ಸ್ಥಿತಪ್ರಜ್ಞ' ಒಂದೇ. ಋಷಿಗಳು ಆ ಸ್ಥಿತಿ ಮುಟ್ಟೋಕೆ ಮೈಮೇಲೆ ಹುತ್ತ ಬೆಳೆಯುವಷ್ಟು ಹೊತ್ತು ಕೂತಿದ್ದರು. ನನಗೆ 'ರೆಡಿ, ಒನ್, ಟೂ' ಅಷ್ಟೇ ಟೈಮು.

ಯಾರಪ್ಪಾ ಈ ನಿಯಮ ಮಾಡಿದವರು ಅಂತ ಹುಡುಕಿದೆ. ವಿಮಾನದವರು! ವಿಶ್ವಸಂಸ್ಥೆಯ ಕೆಳಗೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಅಂತ ಒಂದಿದೆ, ಐಕಾವೊ ಅನ್ನುತ್ತಾರೆ. ಅದರ '9303' ಅನ್ನೋ ದಾಖಲೆಯಲ್ಲಿ ಪಾಸ್‌ಪೋರ್ಟ್ ಹೇಗಿರಬೇಕು, ಅದರೊಳಗಿನ ಮುಖ ಹೇಗಿರಬೇಕು ಅಂತೆಲ್ಲ ಇದೆ. ರೆಕ್ಕೆ, ಚಕ್ರ, ರನ್‌ವೇ ನೋಡಿಕೊಂಡು ಇರಬೇಕಾದವರು ನನ್ನ ಗಲ್ಲದ ಉಸಾಬರಿಗೂ ಬಂದಿದ್ದಾರೆ. ಫೋಟೊದ ಎತ್ತರದಲ್ಲಿ ಮುಖ ಶೇ. 70ರಿಂದ 80ರಷ್ಟು ಇರಬೇಕು. ಅಳೆಯುವುದು ಗಲ್ಲದಿಂದ ನೆತ್ತಿಯವರೆಗೆ. ಇಲ್ಲೊಂದು ಸ್ವಾರಸ್ಯ ಇದೆ. ನೆತ್ತಿ ಅಂದರೆ ಕೂದಲಿನ ತುದಿ ಅಲ್ಲ. ಕೂದಲೇ ಇಲ್ಲದಿದ್ದರೆ ತಲೆ ಎಲ್ಲಿಗೆ ಮುಗಿಯುತ್ತಿತ್ತೋ ಅದು. ಎಲ್ಲರನ್ನೂ ಬೋಳು ಅಂತಲೇ ಲೆಕ್ಕ ಹಿಡಿದು ಅಳೆಯಬೇಕು. ನನ್ನಂಥವರಿಗೆ ಆ ಊಹೆಯ ಕೆಲಸವೂ ಇಲ್ಲ. ಉದುರಿದ ಕೂದಲಿಗೆ ಸಿಕ್ಕ ಮೊದಲ ಸವಲತ್ತು ಇದು.

ಇಷ್ಟೆಲ್ಲ ಕೂತು ಬರೆದವರು ಅಳತೆಯನ್ನಾದರೂ ಎಲ್ಲರಿಗೂ ಒಂದೇ ಮಾಡಿಸಿದರಾ? ಅದೂ ಇಲ್ಲ. ಬಹಳ ದೇಶಗಳಿಗೆ 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರ. ಅಮೆರಿಕಕ್ಕೆ 2 ಇಂಚಿನ ಚೌಕ. ಮಗ್ಗುಲಲ್ಲೇ ಇರುವ ಕೆನಡಾಕ್ಕೆ 50ಕ್ಕೆ 70. ಅಮೆರಿಕದ ಗ್ರೀನ್ ಕಾರ್ಡಿಗಂತೂ 2004ರವರೆಗೆ ಮುಖ ಓರೆ ಮಾಡಿ ಬಲಗಿವಿ ತೋರಿಸಲೇಬೇಕಿತ್ತು. ಆಮೇಲೆ ಒಂದು ದಿನ ಬೇಡ, ನೇರ ನೋಡಿ ಅಂದರು. ಬಲಗಿವಿ ಅಂಥದ್ದೇನು ಮಾಡಿತ್ತೋ.

ಎರಡನೇ ಸಲ ಸ್ಟುಡಿಯೊ ಸಹವಾಸವೇ ಬೇಡ, ಮನೆಯಲ್ಲೇ ತೆಗೆಯೋಣ ಅಂತ ತೀರ್ಮಾನವಾಯಿತು. ಮಗಳ ಕೈಲಿ ಫೋನು. ಗೋಡೆಗೆ ಬಿಳಿ ಬೆಡ್‌ಶೀಟ್ ಹೊಡೆದೆವು. ಮಡಿಕೆಯ ಗೆರೆ ಕಂಡಿತು. ಇಳಿಸಿ, ಇಸ್ತ್ರಿ ಹಾಕಿ, ಮತ್ತೆ ಹೊಡೆದೆವು. ಈಗ ನನ್ನ ಎಡಗಿವಿಯ ಹಿಂದೆ ನೆರಳು. ನನ್ನಾಕೆ ಟೇಬಲ್ ಲ್ಯಾಂಪ್ ತಂದು ಎಡಗಡೆ ಹಿಡಿದಳು. ನೆರಳು ಬಲಗಿವಿಗೆ ಹೋಯಿತು. ಮಗ ಟಾರ್ಚ್ ಹಿಡಿದು ಬಲಗಡೆ ನಿಂತ. ನೆರಳು ಮೂಗಿನ ಕೆಳಗೆ ಬಂದು ಮೀಸೆಯಾಯಿತು.

"ರೀ, ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬನ್ನಿ," ಅಂದಳು ನನ್ನಾಕೆ. ಬಂದೆ. ನೆರಳು ಹೋಯಿತು. ನಿಜ ಹೇಳಬೇಕಂದರೆ, ಇಡೀ ನಿಯಮದ ಪುಸ್ತಕಕ್ಕಿಂತ ಕೆಲಸಕ್ಕೆ ಬಂದ ಮಾತು ಅದೊಂದೇ. ಆದರೆ ನಾನು ಹಾಕಿದ್ದು ಬಿಳಿ ಅಂಗಿ. ಬಿಳಿ ಬಟ್ಟೆಯ ಮುಂದೆ ಬಿಳಿ ಅಂಗಿ ಕರಗಿಹೋಗಿ, ಫೋಟೊದಲ್ಲಿ ಒಂದು ತಲೆ ಮಾತ್ರ ಗಾಳಿಯಲ್ಲಿ ತೇಲುತ್ತಿತ್ತು. ಅಂಗಿ ಬದಲಾಯಿಸಿ ಬಂದರೆ ಮಗಳು ನಿಯಮದ ಮುಂದಿನ ಸಾಲು ಓದಿದಳು: ಕನ್ನಡಕ ಬೇಡ. ತೆಗೆದೆ.

"ಕ್ಯಾಮೆರಾ ನೋಡಪ್ಪಾ."

"ಕ್ಯಾಮೆರಾ ಎಲ್ಲಿದೆ ಮಗಾ?"

"ನನ್ನ ಕೈಲಿ."

"ನೀನು ಎಲ್ಲಿದ್ದೀಯ?"

ಅಮೆರಿಕದವರು 2016ರ ನವೆಂಬರಿನಿಂದಲೇ ಕನ್ನಡಕ ತೆಗೆಸಿದ್ದಾರಂತೆ. ಗಾಜಿನಲ್ಲಿ ಬೆಳಕು ಹೊಳೆದು ಕಣ್ಣು ಕಾಣದೆ ಹೋಗುತ್ತದೆ ಅನ್ನೋದು ತಕರಾರು. ಅವರ ಮಾತು ಸರಿಯೇ ಇರಬಹುದು. ಆದರೆ ನನ್ನನ್ನು ನೋಡಿದವರೆಲ್ಲ ಕನ್ನಡಕದ ಜೊತೆಗೇ ನೋಡಿರುವುದು. ಕನ್ನಡಕ ಇಲ್ಲದ ನನ್ನ ಮುಖ ಮನೆಯವರಿಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲ. ಗುರುತಿಗೆ ಅಂತ ಕೇಳುವುದು ಅದನ್ನೇ. ಒಟ್ಟು 27 ಫೋಟೊ ಆಯಿತು. ಇದ್ದುದರಲ್ಲಿ ಚೆನ್ನಾಗಿರೋದನ್ನು ಆರಿಸಿ ವೆಬ್‌ಸೈಟಿಗೆ ಏರಿಸಿದೆವು. ಚಕ್ರ ತಿರುಗಿತು, ತಿರುಗಿತು, ನಿಂತಿತು. ಉತ್ತರ ಬಂತು: 'ಮುಖ ಪತ್ತೆಯಾಗಿಲ್ಲ.'

ಮನೆಯಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ.

ಹಿಂದಿನವರು ಪುಣ್ಯವಂತರು. ಪಾಸ್‌ಪೋರ್ಟಿಗೆ ಫೋಟೊ ಬರುವ ಮೊದಲು ಗುಮಾಸ್ತ ಆಸಾಮಿಯನ್ನು ಮಾತಿನಲ್ಲೇ ಬರೆಯುತ್ತಿದ್ದ. ಹಣೆ ಹೀಗೆ, ಮೂಗು ಹೀಗೆ, ಬಾಯಿ ಹೀಗೆ, ಗಲ್ಲ ಹೀಗೆ. 'ಮೂಗು: ಸಾಧಾರಣ' ಅಂತ ಬರೆಸಿಕೊಂಡು ಸಾಧಾರಣ ಮೂಗಿನ ಯಾರು ಬೇಕಾದರೂ ಹಡಗು ಹತ್ತಬಹುದಿತ್ತು. ಹತ್ತಿಯೂ ಬಿಟ್ಟರು. 1914ರಲ್ಲಿ ಯುದ್ಧ ಶುರುವಾದಾಗ ಜರ್ಮನಿಯ ಗೂಢಚಾರನೊಬ್ಬ ಅಮೆರಿಕದ ಪ್ರಜೆಯ ಪಾಸ್‌ಪೋರ್ಟ್ ಹಿಡಿದು ಬ್ರಿಟನ್ನಿಗೆ ಹೋಗಿ ಕೂತಿದ್ದ. ಸಿಕ್ಕಿಬಿದ್ದ, ಗುಂಡೂ ತಿಂದ. ಆ ವರ್ಷದ ಕೊನೆಗೆ ಅಮೆರಿಕ ಫೋಟೊ ಕಡ್ಡಾಯ ಮಾಡಿತು, ಮರುವರ್ಷ ಬ್ರಿಟನ್. ಆಗಲೂ ಜನ ಆರಾಮಾಗಿದ್ದರು. ಟೋಪಿ ಹಾಕಿಕೊಂಡು, ಹೆಂಡತಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತೆಗೆಸಿದ ಫೋಟೊಗಳೂ ಪಾಸ್‌ಪೋರ್ಟಿಗೆ ಅಂಟುತ್ತಿದ್ದವು. ನೋಡುವವನು ಮನುಷ್ಯ ಅಲ್ವಾ, ಅವನಿಗೆ ಅರ್ಥವಾಗುತ್ತಿತ್ತು.

ಕೆಟ್ಟದ್ದು ಆಮೇಲೆ. 2003ರಲ್ಲಿ ಐಕಾವೊ ಮುಖವನ್ನೇ ಯಂತ್ರ ಓದುವ ಮುಖ್ಯ ಗುರುತು ಅಂತ ಆರಿಸಿಕೊಂಡಿತು. ಯಂತ್ರ ನೋಡುವುದು ಕಣ್ಣಿಗೂ ಕಣ್ಣಿಗೂ ಎಷ್ಟು ದೂರ, ಮೂಗಿಗೂ ಬಾಯಿಗೂ ಎಷ್ಟು ದೂರ ಅಂತ. ನಕ್ಕರೆ ಬಾಯಿ ಅಗಲವಾಗುತ್ತದೆ, ಕೆನ್ನೆ ಏರುತ್ತದೆ, ಕಣ್ಣು ಕಿರಿದಾಗುತ್ತದೆ, ಅದರ ಲೆಕ್ಕ ಎಲ್ಲ ತಪ್ಪುತ್ತದೆ. 2004ರಲ್ಲಿ ಬ್ರಿಟನ್ ನಗುವಿಗೆ ನಿಷೇಧ ಹಾಕಿದ್ದು ಇದಕ್ಕೇ. ನಮ್ಮನ್ನು ನಾಲ್ಕು ಜನ ಗುರುತು ಹಿಡಿಯುವುದು ನಗುವಿನಿಂದ, ಹುಬ್ಬು ಹಾರಿಸುವ ರೀತಿಯಿಂದ. ಯಂತ್ರಕ್ಕೆ ಬೇಕಾಗಿರುವುದು ಅದೆಲ್ಲ ತೆಗೆದ ಮೇಲೆ ಉಳಿಯುವ ಸಿಪ್ಪೆ.

ಆ ಯಂತ್ರದ ಜಾಣತನಕ್ಕೂ ಸಾಕ್ಷಿ ಇದೆ. 2016ರಲ್ಲಿ ನ್ಯೂಜಿಲೆಂಡಿನ ಪಾಸ್‌ಪೋರ್ಟ್ ವೆಬ್‌ಸೈಟು ಏಷ್ಯಾ ಮೂಲದ ಯುವಕನೊಬ್ಬನ ಫೋಟೊ ವಾಪಸ್ ಕಳಿಸಿತ್ತು. ಕಾರಣ, ಕಣ್ಣು ಮುಚ್ಚಿವೆ. ಅವನ ಕಣ್ಣು ತೆರೆದೇ ಇದ್ದವು. ಪಾಪ, ಇನ್ನೆಷ್ಟು ತೆರೆಯಬೇಕಿತ್ತು? ಇನ್ನೊಂದು ಕಡೆ, 2018ರಲ್ಲಿ ಜರ್ಮನಿಯ ಕೆಲವು ಕಲಾವಿದರು ಇಬ್ಬರ ಮುಖವನ್ನು ಕಂಪ್ಯೂಟರಿನಲ್ಲಿ ಕಲಸಿ ಒಂದು ಮುಖ ಮಾಡಿದರು. ಅದರಲ್ಲಿ ಅರ್ಧ ಮುಖ ಯುರೋಪಿನ ದೊಡ್ಡ ರಾಜಕಾರಣಿಯೊಬ್ಬರದು. ಅರ್ಜಿ ಹಾಕಿದರು. ಪಾಸ್‌ಪೋರ್ಟ್ ಬಂತು! ನನ್ನ ಒಂದು ಮುಖಕ್ಕೆ ಇಷ್ಟು ತಕರಾರು, ಅಲ್ಲಿ ಎರಡು ಮುಖ ಸೇರಿಸಿದರೆ ಪಾಸು. ಎರಡು ಮುಖದವರಿಗೇ ಕಾಲ ಅನ್ನುವುದನ್ನು ಇಷ್ಟು ಕರಾರುವಾಕ್ಕಾಗಿ ಯಾರೂ ತೋರಿಸಿರಲಿಲ್ಲ. ಇಂಥ ಕಲಬೆರಕೆ ತಡೆಯೋಕೆ ಅಂತಲೇ 2025ರ ಮೇ ತಿಂಗಳಿಂದ ಜರ್ಮನಿ ಕಾಗದದ ಫೋಟೊ ನಿಲ್ಲಿಸಿ, ಡಿಜಿಟಲ್ ಫೋಟೊ ಮಾತ್ರ ತೆಗೆದುಕೊಳ್ಳುತ್ತಿದೆ.

ಮೂರನೇ ಸಲ ಮತ್ತೆ ಸ್ಟುಡಿಯೊ. ನನಗಿಂತ ಮುಂದೆ ಮೂರು ತಿಂಗಳ ಕೂಸು ಕಾಯುತ್ತಿತ್ತು. ಅದಕ್ಕೂ ಪಾಸ್‌ಪೋರ್ಟ್. ಚಿತ್ರದಲ್ಲಿ ಮಗು ಒಂದೇ ಇರಬೇಕು, ಹಿಡಿದವರ ಕೈ ಕಾಣಬಾರದು, ಆಟಿಕೆ ಕೂಡದು. ಕುತ್ತಿಗೆ ನಿಲ್ಲದ ಮಗುವನ್ನು ಹಿಡಿಯದೆ ಕೂರಿಸೋದು ಹೇಗೆ? ಕೊನೆಗೆ ತಾಯಿ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹೊದ್ದು ಕೂತಳು. ಮಗುವನ್ನು ಅವಳ ತೊಡೆಯ ಮೇಲೆ ಇಟ್ಟರು. ತಾಯಿ ಹಿನ್ನೆಲೆಯಾದಳು. ಬಟ್ಟೆಯ ಒಳಗಿಂದ "ಚಿನ್ನಾ, ಇಲ್ಲಿ ನೋಡು" ಅಂತ ಸದ್ದು ಬಂದಾಗಲೆಲ್ಲ ಮಗು ಹಿಂದಕ್ಕೆ ತಿರುಗಿ ಹಿನ್ನೆಲೆಯನ್ನೇ ಹುಡುಕುತ್ತಿತ್ತು. ನನ್ನ ಸರದಿ ಬರುವಾಗ ಕತ್ತಲಾಗಿತ್ತು. ಫೋಟೊಗ್ರಾಫರಿಗೆ ಸುಸ್ತು, ನನಗೂ ಸುಸ್ತು. ಆ ಫೋಟೊ ಪಾಸಾಯಿತು! ಸ್ಥಿತಪ್ರಜ್ಞೆಗೆ ತಪಸ್ಸು ಬೇಕಿಲ್ಲ, ಕ್ಯೂ ಸಾಕು.

ಇನ್ನೊಂದು ತಮಾಷೆ ಹೇಳಲೇಬೇಕು. ಫೋಟೊ ತಾಜಾ ಇರಬೇಕಂತೆ. ಅಮೆರಿಕದವರು ಆರು ತಿಂಗಳೊಳಗಿನದು ಅನ್ನುತ್ತಾರೆ, ಬ್ರಿಟನ್ನಿನವರು ಒಂದೇ ತಿಂಗಳು. ಅಷ್ಟು ತಾಜಾ ಮುಖ ಅಂಟಿಸಿಕೊಂಡ ಪಾಸ್‌ಪೋರ್ಟ್ ದೊಡ್ಡವರಿಗೆ ನಡೆಯುವುದು 10 ವರ್ಷ. ಅರ್ಜಿ ಹಾಕುವ ದಿನ ಏಳು ತಿಂಗಳ ಹಿಂದಿನ ನಾನು ನಾನಲ್ಲ. ಪುಸ್ತಕ ಕೈಗೆ ಬಂದ ಮೇಲೆ ಹಲ್ಲು ಬೀಳಲಿ, ಹುಬ್ಬು ನೆರೆಯಲಿ, ಒಂಬತ್ತು ವರ್ಷ ಹಿಂದಿನ ನಾನೇ ನಾನು.

ಅಂತೂ ಪಾಸ್‌ಪೋರ್ಟ್ ಬಂತು. ಮನೆಯವರೆಲ್ಲ ಸುತ್ತ ಕೂತು ತೆರೆದೆವು. ನೆರಳಿಲ್ಲ, ಗೆರೆಯಿಲ್ಲ, ಹೊಳಪಿಲ್ಲ ಅಂತ ಇಷ್ಟು ದಿನ ಒದ್ದಾಡಿದ ಆ ಮುಖದ ಮೇಲೆ ಅವರೇ ಹೊಳೆಯುವ ಪದರ ಒಂದನ್ನು ಅಂಟಿಸಿದ್ದರು. ಹಣೆಯ ಮೇಲೆ ಕಾಮನಬಿಲ್ಲಿನ ಬಣ್ಣದ ಗೆರೆಗಳು. ಮೂಗಿನ ಮೇಲೊಂದು ಬಳ್ಳಿ. ನಕಲು ಆಗದಿರಲಿ ಅಂತ ಭದ್ರತೆಗಂತೆ.

ಮಗಳು ಅದನ್ನು ದೀಪದ ಕೆಳಗೆ ಹಿಡಿದು ಆ ಕಡೆ ಈ ಕಡೆ ವಾಲಿಸಿದಳು.

"ಅಪ್ಪಾ, ಹೀಗೆ ಓರೆ ಮಾಡಿದ್ರೆ ನೀನು ನಗೋ ಥರ ಕಾಣ್ತೀಯ."

ಇಸಿದುಕೊಂಡು ನಾನೂ ಓರೆ ಮಾಡಿ ನೋಡಿದೆ. ಹೌದು. ಬಣ್ಣದ ಗೆರೆಯೊಂದು ಸರಿಯಾಗಿ ಎಡತುಟಿಯ ತುದಿಗೇ ಬಂದು ಮೇಲಕ್ಕೆ ಹೋಗಿತ್ತು. ಪಾಸ್‌ಪೋರ್ಟ್ ಮುಚ್ಚಿ ಬೀರುವಿನ ಒಳಗಿಟ್ಟು ಬೀಗ ಹಾಕಿದೆ.