ಶೇಕ್‌ಹ್ಯಾಂಡ್ ಕೊಡಿಸಿದ್ರೆ ಮುಗೀತಾ?

ಬೆಳಿಗ್ಗೆ ಎದ್ದು ಫೋನ್ ನೋಡಿದ್ರೆ ಒಂದು ಶಾಲೆಯ ಸ್ಟೇಟಸ್. ಮೂರನೇ ಕ್ಲಾಸಿನ ಇಬ್ಬರು ಹುಡುಗರನ್ನ ಪ್ರಾರ್ಥನೆಯ ಸಾಲಿನ ಮುಂದೆ ನಿಲ್ಲಿಸಿ ಕೈ ಕುಲುಕಿಸಿದ ಫೋಟೊ. ಕೆಳಗೆ 'ಮತ್ತೆ ದೋಸ್ತಿ'. ಒಬ್ಬ ನೆಲ ನೋಡ್ತಿದ್ದಾನೆ, ಇನ್ನೊಬ್ಬ ಕ್ಯಾಮೆರಾ ನೋಡಿ ನಗ್ತಿದ್ದಾನೆ. ಯಾರು ಯಾರನ್ನ ಗೋಳುಹೊಯ್ಕೊಳ್ತಿದ್ರು ಅಂತ ಬಿಡಿಸಿ ಹೇಳ್ಬೇಕಾ?

ಜಗಳ ಬೇರೆ, ಗೋಳುಹೊಯ್ಕೊಳ್ಳೋದು ಬೇರೆ ಸ್ವಾಮಿ. ಪೆನ್ಸಿಲ್ಲಿಗೆ ಕಿತ್ತಾಡಿ ಟೂ ಬಿಟ್ಟವರನ್ನ ಎದುರುಬದುರು ಕೂರಿಸಿ ರಾಜಿ ಮಾಡಿಸಿ, ಯಾರು ಬೇಡ ಅಂದ್ರು? ಆದ್ರೆ ಬೇಕಂತಲೇ, ಪದೇಪದೇ, ತಿರುಗಿ ನಿಲ್ಲೋ ತಾಕತ್ತಿಲ್ಲದ ಮಗುವಿಗೇ ಮಾಡಿದ್ರೆ ಅದು ಬೇರೆಯೇ. ನಾರ್ವೆಯಲ್ಲಿ ಇದರ ಮೇಲೆ ಸಂಶೋಧನೆ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೆಯುಸ್ ಈ ಮೂರು ಗುರುತು ಹೇಳಿ ದಶಕಗಳಾದವು. ಅಲ್ಲಿ ರಾಜಿ ಅಂದ್ರೆ ಪೆಟ್ಟು ತಿಂದವನ ತಲೆಗೂ ಅರ್ಧ ತಪ್ಪು ಕಟ್ಟೋದು.

ಮೊದಲು ಪೆಟ್ಟು ತಿಂದ ಮಗುವನ್ನ ಒಂಟಿಯಾಗಿ ಮಾತಾಡಿಸಿ. 'ಯಾಕೆ ಹೊಡೆದ?' ಅನ್ನಬೇಡಿ, ಎಲ್ಲಿ, ಯಾವ ಹೊತ್ತಲ್ಲಿ, ಪಕ್ಕದಲ್ಲಿ ಯಾರಿದ್ರು ಅಂತ ಕೇಳಿ. ಬಿಸಿಯೂಟದ ನಲ್ಲಿ ಹತ್ರ, ಶೌಚಾಲಯದ ಹಿಂದೆ, ವ್ಯಾನಿನ ಕೊನೇ ಸೀಟು: ದೊಡ್ಡವರ ಕಣ್ಣು ಬೀಳದ ಜಾಗಗಳೇ ಬರುತ್ವೆ. ಆಮೇಲೆ ಕಾಟ ಕೊಟ್ಟವರು. ಮೂವರಿದ್ರೆ ಒಬ್ಬೊಬ್ಬರನ್ನೇ, ಒಂದೇ ಪೀರಿಯಡ್ಡಲ್ಲಿ ಒಬ್ಬರಾದ ಮೇಲೆ ಒಬ್ಬರನ್ನ ಕರೆಸಿ. ನಡುವೆ ಬಿಡುವು ಸಿಕ್ಕಿದ್ರೆ ಕಥೆ ಹೊಂದಿಸ್ಕೊಂಡು ಬರ್ತಾರೆ. ಭಾಷಣ ಬೇಡ. ನಾಳೆಯಿಂದ ಏನು ಮಾಡ್ತೀಯ ಅನ್ನೋದು ಅವನ ಬಾಯಿಂದಲೇ ಬರ್ಬೇಕು, ಬರೆದಿಡ್ಬೇಕು. ವಾರ ಬಿಟ್ಟು ಇಬ್ಬರನ್ನೂ ಬೇರೆಬೇರೆಯಾಗಿ ಮತ್ತೆ ವಿಚಾರಿಸಿ. ಎಲ್ಲರೂ ಮರೆಯೋದು ಇದನ್ನೇ, ಕಾಟ ಸದ್ದಿಲ್ಲದೆ ವಾಪಸ್ ಬರೋದೂ ಇಲ್ಲಿಂದಲೇ.

ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯ ಶಾಲೆಗಳಲ್ಲಿ ಇಂಥ ಕಾಟ ತಡೆಯೋಕೆ ರೂಪಿಸಿದ 'ಕಿವಾ' ಅನ್ನೋ ಕಾರ್ಯಕ್ರಮ, ಸುತ್ತ ನಿಂತು ನೋಡೋ ಮಕ್ಕಳ ಮೇಲೇ ಹೆಚ್ಚು ಗಮನ ಇಡುತ್ತೆ. ನಗೋರಿಲ್ಲದಿದ್ರೆ ಆಟ ಕಳೆಗಟ್ಟಲ್ಲ. ಆದ್ರೆ 'ತಡೀರಿ' ಅಂದ್ರೆ ಏಳು ವರ್ಷದ ಮಗು ಏನು ಮಾಡ್ಬೇಕು? ಬಾಯಿಗೆ ಮಾತು ಕೊಡಿ: 'ಬಾರೋ, ನಮ್ ಟೀಮಲ್ಲಿ ಒಬ್ರು ಕಮ್ಮಿ.' ಕಿಲಾಡಿಯನ್ನ ಎದುರಿಸೋದೇ ಬೇಡ, ಪೆಟ್ಟು ತಿನ್ನೋನನ್ನ ಅಲ್ಲಿಂದ ಕರ್ಕೊಂಡು ಹೋದ್ರೆ ಸಾಕು. ಇದನ್ನ ಜೋಡಿಜೋಡಿಯಾಗಿ ಹತ್ತು ನಿಮಿಷ ಆಡಿಸಿ. ಕಾಟ ಕೊಡೋ ಪಾತ್ರ ಮಾತ್ರ ಟೀಚರೇ ಮಾಡ್ಲಿ. ನಿಜವಾದ ಕಿಲಾಡಿಗೆ ಕೊಟ್ರೆ ಚಪ್ಪಾಳೆಯೂ ಅವನಿಗೇ.

'ಐವತ್ತು ಮಕ್ಕಳು, ಸಿಲಬಸ್ಸು, ಟೈಮೆಲ್ಲಿದೆ?' ಅಂತಾರೆ ಟೀಚರ್‌ಗಳು. ವಾರ್ಷಿಕೋತ್ಸವದ ಡ್ಯಾನ್ಸಿಗೆ ಪೀರಿಯಡ್‌ಗಳು ಆಕಾಶದಿಂದ ಉದುರುತ್ವಾ? 'ಮಕ್ಕಳು ಗಟ್ಟಿಯಾಗ್ತಾರೆ ಬಿಡಿ' ಅನ್ನೋರ ಜೊತೆ ವಾದ ಮಾಡೋ ತಾಳ್ಮೆ ನನಗಿಲ್ಲ, ಒಪ್ಕೋತೀನಿ.

ಹಾಗಂತ ಬಸ್ಕಿ ಹೊಡೆಸೋಕೂ ಹೋಗ್ಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಮೇಲಾಗಿ ಆ ಬಸ್ಕಿಯ ಬಡ್ಡಿ ವಸೂಲಾಗೋದು ಸಂಜೆ, ವ್ಯಾನಿನ ಕೊನೇ ಸೀಟಲ್ಲಿ. ಆ ಶೇಕ್‌ಹ್ಯಾಂಡಿನದ್ದೂ ಅಲ್ಲೇ.