ಹುಬ್ಬಳ್ಳಿ ದುರ್ಗದಬೈಲ್ ಮಾರ್ಕೆಟ್ ತುಂಬೇತಿ ಅಂದ್ರ ಮಂದಿ ಕೈಯಾಗ ರೊಕ್ಕ ಐತಿ ಅಂತಲ್ಲ

ದುರ್ಗದಬೈಲ್‌ನ್ಯಾಗ ಕಾಲಿಡಾಕ ಜಾಗ ಇಲ್ಲದ ಫೋಟೋ ಹಾಕಿ "ಇಷ್ಟ್ ಮಂದಿ ಖರೀದಿ ಮಾಡಾಕತ್ತಾರ, ತುಟ್ಟಿಕಾಲ ಎಲ್ಲೈತಿ?" ಅಂತ ವಾಟ್ಸಾಪ್‌ನ್ಯಾಗ ಓಡಾಡಾಕತ್ತೈತಿ, ಇದು ತಪ್ಪು ಲೆಕ್ಕ ರೀ. ಗದ್ಲ ಖರೆ, ಆದ್ರ ಹಬ್ಬದ ಮುಂದ ಕುಂದಗೋಳ, ನವಲಗುಂದ, ಕಲಘಟಗಿ ಕಡಿಂದೂ ಮಂದಿ ಇಲ್ಲಿಗೇ ಬರ್ತಾರ, ವರ್ಷಕ್ಕ ಒಮ್ಮೆ ಅರಿವಿ ತಗೊಳ್ಳೋರ ಭಾಳ, ರೇಟ್ ಕೇಳಿ ಹೊಳ್ಳಿ ಹೋಗೋರೂ ಅದ ಫೋಟೋದಾಗ ಇರ್ತಾರ. ಕಿರಾಣಿ ಅಂಗಡಿ ಮುಂದ ಒಂದ್ ತಾಸು ನಿಂತ್ ನೋಡ್ರಿ, ಎಣ್ಣಿ ಐದ್ ಲೀಟರ್ ಕ್ಯಾನ್ ಒಯ್ಯೋರು ಈಗ ಒಂದ್ ಲೀಟರ್ ಪಾಕೀಟ್ ಕೇಳ್ತಾರ, ತೊಗರಿಬ್ಯಾಳಿ ಅರ್ಧ ಕಿಲೋ, "ಉಳದದ್ದು ಮುಂದಿನ ವಾರ ಒಯ್ತೀನ್ರೀ ಅಣ್ಣಾರ" ಅಂತಾರ.

ಇನ್ನ "ವ್ಯಾಪಾರ ಏರೈತಿ" ಅನ್ನೂದು ರೂಪಾಯಿ ಲೆಕ್ಕ. ಉದಾಹರಣೆಗೆ ಕಿಲೋಕ್ಕ 100 ಇದ್ದಾಗ 10 ಕಿಲೋ ಮಾರಿದ್ರ 1000, ಅದ 130 ಆದಾಗ 8 ಕಿಲೋ ಮಾರಿದ್ರೂ 1040, ಗಲ್ಲಾ ಏರ್ತು, ಮಂದಿ ಮನಿಗೆ ಹೋದದ್ದು 2 ಕಿಲೋ ಕಡಿಮಿ. ಹಣದುಬ್ಬರ ಇಳೀತು ಅಂದ್ರೂ ರೇಟ್ ಇಳೀತು ಅಂತಲ್ಲ, ಏರೂ ವೇಗ ಕಡಿಮಿ ಆತು ಅಷ್ಟ, ರಿಸರ್ವ್ ಬ್ಯಾಂಕಿನ ಗುರಿನೂ ವರ್ಷಕ್ಕ ಶೇಕಡಾ 4 ಏರಿಕಿ ಅಂತನ ಐತಿ.

ಆ ಫೋಟೋ ಫಾರ್ವರ್ಡ್ ಮಾಡಬ್ಯಾಡ್ರಿ, ಕೈಗಡ ತಂದು ಮಕ್ಕಳಿಗೆ ಹಬ್ಬದ ಅರಿವಿ ತಗೊಂಡೋರಿಗೆ ಭಾಳ ನೋವಾಕ್ಕೈತಿ.