ಗಣಪತಿ ಹೆಗಡೆ ಈಗಾಗಲೇ ಇದ್ದಾರೆ

ಮಳೆಗಾಲಕ್ಕೆ ಮುಂಚೆ ಗಟಾರ ಎತ್ತಬೇಕು, ಲೈನಿನ ಮೇಲೆ ಬಾಗಿದ ಮರ ಕಡಿಯಬೇಕು ಅನ್ನುವುದೆಲ್ಲ ಹಳೇ ಕಾಲದ ಮಾತಾಯಿತು. ಈಗ ಮಳೆಗಾಲಕ್ಕೆ ಮುಂಚೆ ಆ್ಯಪ್ ಬಿಡುತ್ತಾರೆ. ಮರ ಬಿದ್ದರೆ, ಕರೆಂಟ್ ಹೋದರೆ, ಧರೆ ಕುಸಿದರೆ ಕೂತಲ್ಲೇ ದೂರು ಕೊಡಬಹುದು. ಕಾರವಾರದ ಒಂದು ಕಚೇರಿಯಲ್ಲಿ ಇಂಥದ್ದೇ ಒಂದು ಆ್ಯಪ್ ತಯಾರಾಯಿತು. ಕಚೇರಿಯ ಹೆಸರು ಬೇಡ. ಹೇಳಿದರೆ ಉಳಿದ ಕಚೇರಿಗಳಿಗೆ ಬೇಜಾರಾದೀತು.

ಬಿಡುಗಡೆಗೆ ಮುಂಚೆ ಯಾವ ತಪ್ಪು ತಿದ್ದಬೇಕು, ಯಾವುದನ್ನು ಹಾಗೇ ಬಿಡಬಹುದು ಎಂದು ನಿರ್ಧರಿಸಲು ಸಭೆ ಸೇರಿತು. ಇದರಲ್ಲಿ ನಗುವಂಥದ್ದೇನೂ ಇಲ್ಲ. ಬಗ್ ಇಲ್ಲದ ಸಾಫ್ಟ್‌ವೇರ್ ಎಲ್ಲೂ ಇಲ್ಲ, ಎಲ್ಲವನ್ನೂ ತಿದ್ದುತ್ತಾ ಕೂತರೆ ಬಿಡುಗಡೆಯೇ ಆಗುವುದಿಲ್ಲ. ಅದಕ್ಕೇ ಕಂಪನಿಗಳಲ್ಲಿ ಪ್ರತಿ ಬಗ್ಗಿಗೂ ಎರಡು ಲೆಕ್ಕ ಇಡುತ್ತಾರೆ. ಸಿವಿಯಾರಿಟಿ ಅಂದರೆ ಪೆಟ್ಟು ಎಷ್ಟು ಜೋರು, ಪ್ರಯಾರಿಟಿ ಅಂದರೆ ಎಷ್ಟು ಬೇಗ ತಿದ್ದಬೇಕು. ಟೆಸ್ಟಿಂಗ್ ಕಲಿಸುವವರು ತಪ್ಪದೆ ಕೊಡುವ ಉದಾಹರಣೆ ಒಂದಿದೆ. ಮೊದಲ ಪುಟದಲ್ಲಿ ಕಂಪನಿಯ ಹೆಸರೇ ತಪ್ಪಾಗಿದ್ದರೆ ಪೆಟ್ಟು ಸಣ್ಣದು, ಅವಸರ ದೊಡ್ಡದು. ನಮ್ಮ ಸಭೆ ಇಡೀ ಶಾಸ್ತ್ರದಲ್ಲಿ ಇದೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡಿತು.

ತಾರೀಖು ಮೊದಲೇ ನಿಕ್ಕಿಯಾಗಿತ್ತು. ನೀತಿ ಸಂಹಿತೆ ಬರುವ ಮುಂಚೆ, ಮುಖ್ಯ ಅತಿಥಿಗಳಿಗೆ ಬಿಡುವಿರುವ ದಿನ. ಆ್ಯಪಿಗೆ ಬಿಡುವಿದೆಯೋ ಇಲ್ಲವೋ ಯಾರೂ ಕೇಳಲಿಲ್ಲ.

ಚಹಾ ಬರುವ ತನಕ ಫೋಟೋ ವಿಷಯವೇ ನಡೆಯಿತು. ಮೊದಲ ಪುಟದಲ್ಲಿ ಗಣ್ಯರ ಫೋಟೋಗಳಿವೆ, ಹಳೇ ಫೋನಿನಲ್ಲಿ ತೆರೆದರೆ ಒಬ್ಬರ ಮುಖ ಉದ್ದಕ್ಕೆ ಎಳೆದಂತೆ ಕಾಣುತ್ತದೆ. ಕೂಡಲೇ ತಿದ್ದಬೇಕು. ಯಾರ ಫೋಟೋ ಯಾರಿಗಿಂತ ಒಂದು ಪಿಕ್ಸೆಲ್ಲೂ ದೊಡ್ಡದಾಗಬಾರದು. ಇದಕ್ಕೆ ಇಬ್ಬರು ಎಂಜಿನಿಯರುಗಳನ್ನು ಪ್ರತ್ಯೇಕ ನೇಮಿಸಿದರು.

ಆಮೇಲೆ ಅಕ್ಷರ. ಊರುಗಳ ಪಟ್ಟಿಯನ್ನು ಕಚೇರಿಯ ಹಳೇ ‘ನುಡಿ’ (ಕನ್ನಡ ಟೈಪಿಂಗ್ ತಂತ್ರಾಂಶ) ಫೈಲಿನಿಂದ ನಕಲು ಹೊಡೆದಿದ್ದರು. ಹಳೇ ನುಡಿಯಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಬಾಡಿಗೆಗೆ ಇರುತ್ತವೆ. ಫಾಂಟ್ ಇಲ್ಲದ ಕಡೆ ಹೋದರೆ ಮನೆ ಯಜಮಾನರೇ ಹೊರಗೆ ಬರುತ್ತಾರೆ. ಹಾಗಾಗಿ ಶಿರಸಿ ಎಂದು ಇರಬೇಕಾದಲ್ಲಿ ಒಂದು ಪುಟ್ಟ ಎರಡು, ಒಂದು ಇಂಗ್ಲಿಷ್ ಜಿ, ತಲೆ ಮೇಲೆ ಗೀಟು ಹೊತ್ತ ಎ, ಕೊನೆಗೆ ಪುಟ್ಟ ಒಂದು. ಪೂರ್ತಿ ಯೂನಿಕೋಡಿಗೆ, ಅಂದರೆ ಕನ್ನಡ ಅಕ್ಷರಗಳಿಗೆ ಸ್ವಂತ ಮನೆ ಇರುವ ಪದ್ಧತಿಗೆ, ಬದಲಾಯಿಸಿದರೆ ಆಯಿತು, ಅದಕ್ಕೆ ಕನ್ವರ್ಟರೂ ಇದೆ. ಆದರೆ ಅತಿಥಿಗಳ ಹೆಸರೂ ಅದೇ ಫೈಲಿನಲ್ಲಿತ್ತು ನೋಡಿ. ಅದೊಂದನ್ನು ಮಾತ್ರ ರಾತ್ರೋರಾತ್ರಿ ಸರಿಮಾಡಿದರು. ಊರಿನವರಿಗೆ ತಮ್ಮ ಊರು ಯಾವುದೆಂದು ಗೊತ್ತೇ ಇರುತ್ತದಲ್ವಾ?

ತಾಲೂಕಿನ ಪಟ್ಟಿಯಲ್ಲಿ 11 ಹೆಸರಿದ್ದವು. ದಾಂಡೇಲಿ ಬೇರೆ ತಾಲೂಕಾಗಿ ಜಿಲ್ಲೆಯಲ್ಲಿ 12 ಆಗಿವೆ ಎಂದು ಯಾರೋ ನೆನಪಿಸಿದರು. ದಾಂಡೇಲಿಯವರು ಸದ್ಯಕ್ಕೆ ಹಳಿಯಾಳ ಎಂದೇ ಒತ್ತಲಿ ಎಂದು ತೀರ್ಮಾನವಾಯಿತು. ವಿಳಾಸದ ಫಾರಂ ಯಾವುದೋ ಬೆಂಗಳೂರಿನ ಆ್ಯಪಿನದ್ದು. ಮನೆ ನಂಬರ್, ಕ್ರಾಸ್, ಮೇನ್, ಲೇಔಟ್, ಎಲ್ಲದಕ್ಕೂ ಕೆಂಪು ನಕ್ಷತ್ರ, ಬಿಡುವ ಹಾಗಿಲ್ಲ. ಘಟ್ಟದ ಮೇಲೆ ತೋಟದ ನಡುವೆ ಒಂಟಿ ಮನೆ. ಕ್ರಾಸ್ ಎಲ್ಲಿಂದ ತರೋದು? ಪರೀಕ್ಷೆಗೆ ಕೊಟ್ಟಾಗ ಸಿದ್ದಾಪುರ ಕಡೆಯ ಒಬ್ಬರು ‘ಸಂಕ ದಾಟಿ ಎಡಕ್ಕೆ’ ಎಂದು ಬರೆದರು. ‘ಅಂಕಿ ಮಾತ್ರ ಬಳಸಿ’ ಎಂದು ಉತ್ತರ ಬಂತು.

ಇದನ್ನೂ ಮೀರಿಸಿದ್ದು ಹೆಸರಿನ ಬಗ್. ಒಂದೇ ಹೆಸರಿನಲ್ಲಿ ಎರಡು ಖಾತೆ ತೆರೆಯಬಾರದು ಎಂದು ಯಾರೋ ಜಾಣರು ಬೀಗ ಹಾಕಿದ್ದರು. ಶಿರಸಿ ಸೀಮೆಯಲ್ಲಿ ಗಣಪತಿ ಹೆಗಡೆ ಎಂದು ಕೂಗಿದರೆ ಅರ್ಧ ಪೇಟೆ ತಿರುಗಿ ನೋಡುತ್ತದೆ. ಮೊದಲ ಗಣಪತಿ ಹೆಗಡೆಯವರು ನೋಂದಾಯಿಸಿಕೊಂಡರು. ಎರಡನೆಯವರು ಬಂದಾಗ ‘ಗಣಪತಿ ಹೆಗಡೆ ಈಗಾಗಲೇ ಇದ್ದಾರೆ, ಬೇರೆ ಹೆಸರು ಆರಿಸಿಕೊಳ್ಳಿ’ ಎಂದಿತು. ಅರವತ್ತು ದಾಟಿದ ಮನುಷ್ಯ ಈಗ ಹೊಸ ಹೆಸರು ಇಟ್ಟುಕೊಳ್ಳಬೇಕಂತೆ. ಸಭೆ ಇದನ್ನು ಸುದೀರ್ಘವಾಗಿ ಚರ್ಚಿಸಿ ಮುಂದೂಡಿತು. ಮುಖ್ಯ ಅತಿಥಿಗಳ ಹೆಸರು ಗಣಪತಿ ಹೆಗಡೆ ಆಗಿರಲಿಲ್ಲ.

ಕೊನೆಗೆ ಮೂಲೆಯಲ್ಲಿದ್ದ ಎಳೆ ಎಂಜಿನಿಯರ್ ಒಬ್ಬಳು ಬಾಯಿಬಿಟ್ಟಳು. ‘ಸರ್, ಕರೆಂಟ್ ಹೋದ ದೂರು ಕೊಡೋಕೆ ಇಂಟರ್ನೆಟ್ ಬೇಕು, ಓಟಿಪಿ ಬೇಕು. ಘಟ್ಟದ ಕಡೆ ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಬ್ಯಾಟರಿ ಮುಗಿದು ಟವರೂ ಮಲಗ್ತದೆ. ದೂರನ್ನು ಫೋನಿನಲ್ಲೇ ಇಟ್ಟುಕೊಂಡು, ಸಿಗ್ನಲ್ ಬಂದಾಗ ತಾನೇ ಕಳಿಸುವ ಹಾಗೆ ಮಾಡಬಹುದು. ಎರಡು ವಾರ ಕೊಡಿ.’

‘ಉದ್ಘಾಟನೆ ಎಲ್ಲಿ?’

‘ಇಲ್ಲೇ ಕಾರವಾರದಲ್ಲಿ, ಸಭಾಭವನದಲ್ಲಿ.’

‘ಅಲ್ಲಿ ವೈಫೈ ಇದೆಯಾ?’

‘ಇದೆ ಸರ್.’

‘ಜನರೇಟರ್?’

‘ಅದೂ ಇದೆ.’

‘ಮತ್ತೆ ಬಗ್ ಎಲ್ಲುಂಟು ಮಾರಾಯ್ತಿ?’

ಹಾಗಾದರೆ ಬೀಟಾ, ಅಂದರೆ ಇನ್ನೂ ಪರೀಕ್ಷೆಯಲ್ಲಿದೆ, ಎಂದಾದರೂ ಹಾಕೋಣ, ಜಿಮೇಲ್ 2004ರಲ್ಲಿ ಬಂದು 2009ರ ತನಕ ಬೀಟಾ ಪಟ್ಟಿ ಹಚ್ಚಿಕೊಂಡೇ ಇತ್ತು ಎಂದಳು ಅವಳು. ಬೀಟಾ ಉದ್ಘಾಟನೆಗೆ ಯಾವ ಅತಿಥಿ ಬರುತ್ತಾರೆ ಎಂದು ಕೇಳಿ ಅದನ್ನೂ ಕೈಬಿಟ್ಟರು. ಓದಿಕೊಂಡ ಅಧಿಕಾರಿಯೊಬ್ಬರು ಎಲ್ಲರಿಗೂ ಧೈರ್ಯ ತುಂಬಿದರು. ಅಮೆರಿಕ ಸರ್ಕಾರದ ಆರೋಗ್ಯ ವಿಮೆ ವೆಬ್‌ಸೈಟ್ 2013ರ ಅಕ್ಟೋಬರ್ 1ರಂದು ಶುರುವಾದಾಗ ಮೊದಲ ದಿನ ವಿಮೆ ಪಡೆಯಲು ಸಾಧ್ಯವಾಗಿದ್ದು ಆರೇ ಜನರಿಗೆ. ನಮ್ಮ ಆದಾಯ ತೆರಿಗೆಯ ಹೊಸ ಪೋರ್ಟಲ್ 2021ರ ಜೂನ್ 7ರಂದು ಬಂದಾಗಲೂ ಜನ ತಿಂಗಳುಗಟ್ಟಲೆ ಒದ್ದಾಡಿದರು. ದೊಡ್ಡವರದ್ದೇ ಹೀಗಿರುವಾಗ ನಮ್ಮದೇನು ಮಹಾ! ಆ ಎರಡನ್ನೂ ಆಮೇಲೆ ಬಡಿದಾಡಿ ರಿಪೇರಿ ಮಾಡಿದರು ಎಂಬ ಭಾಗವನ್ನು ಅವರು ಓದಿದಂತಿರಲಿಲ್ಲ.

ಉದ್ಘಾಟನೆ ಅದ್ದೂರಿಯಾಗಿ ಆಯಿತು. ಅತಿಥಿಗಳು ಬಟನ್ ಒತ್ತಿದರು, ಅವರ ಮುಖ ಗುಂಡಗೆ ಬಂತು, ಚಪ್ಪಾಳೆ ಬಿತ್ತು.

ಮಳೆ ಹಿಡಿಯಿತು. ರೆಡ್ ಅಲರ್ಟ್ ಬಂತು, ಶಾಲೆಗೆ ರಜೆ ಕೊಟ್ಟರು, ಘಟ್ಟದ ರಸ್ತೆಗೆ ಮರಗಳು ಅಡ್ಡ ಬಿದ್ದವು. ಎಷ್ಟೋ ಹಳ್ಳಿಗಳು ದಿನಗಟ್ಟಲೆ ಕತ್ತಲೆಯಲ್ಲಿದ್ದವು. ಜನ ಎಂದಿನಂತೆ ಗುಡ್ಡ ಹತ್ತಿ, ಸಿಗ್ನಲ್ ಸಿಕ್ಕಲ್ಲಿ ನಿಂತು ಲೈನ್‌ಮನ್‌ಗೆ ಫೋನ್ ಮಾಡಿದರು. ಅವನಿಗೆ ಕ್ರಾಸೂ ಬೇಡ, ಮೇನೂ ಬೇಡ. ದನಿ ಕೇಳಿದರೆ ಸಾಕು, ಯಾವ ಗಣಪತಿ ಹೆಗಡೆ ಎಂದು ಗೊತ್ತಾಗುತ್ತದೆ.

ಕಾರವಾರದ ಕಚೇರಿಯ ದೊಡ್ಡ ಪರದೆಯಲ್ಲಿ ಮಾತ್ರ ದೂರುಗಳ ಸಂಖ್ಯೆ 0. ಬಾಕಿ 0. ಇಂಥ ಶಾಂತ ಮಳೆಗಾಲವನ್ನು ಜಿಲ್ಲೆ ಕಂಡೇ ಇರಲಿಲ್ಲ ಎಂದು ಮೇಲಿನವರಿಂದ ಮೆಚ್ಚುಗೆ ಪತ್ರ ಬಂತು, ಬೇರೆ ಜಿಲ್ಲೆಗಳಿಗೂ ಇದನ್ನೇ ವಿಸ್ತರಿಸಿ ಎಂಬ ಸೂಚನೆಯೂ ಬಂತು. ಎರಡನೇ ಆವೃತ್ತಿಯ ಸಭೆಯಲ್ಲಿ ಆ ಹುಡುಗಿ ಮತ್ತೆ ಓಟಿಪಿ ವಿಷಯ ಎತ್ತಿದಳು. ಅಧ್ಯಕ್ಷರು ಗಾಬರಿಯಿಂದ ಕನ್ನಡಕ ತೆಗೆದರು.

‘ಅದನ್ನು ಸರಿಮಾಡಿದ್ರೆ ದೂರು ಬರೋಕೆ ಶುರುವಾಗ್ತದಲ್ಲ?’